ದಾದಿಯರಿಗೆ ಹೂಮಳೆ ಸಾಕು, ಸಂಬಳ ಕೊಡಿ

ಪ್ರತಿ ವರ್ಷ ಮೇ 12 ಬಂತೆಂದರೆ ಆಸ್ಪತ್ರೆಯ ಮಾಲೀಕರಿಗೂ ಮಂತ್ರಿ ಮಹೋದಯರಿಗೂ ದಾದಿಯರ ನೆನಪಾಗುತ್ತದೆ. ಫ್ಲಾರೆನ್ಸ್ ನೈಟಿಂಗೇಲಳ ಪಟಕ್ಕೆ ಹಾರ, ಕೈಯಲ್ಲಿ ಮೇಣದ ಬತ್ತಿ, ಆಮೇಲೆ ಭಾಷಣ. ಭಾಷಣದಲ್ಲಿ ದಾದಿ ದೇವತೆ, ತ್ಯಾಗಮೂರ್ತಿ. ಮಾರನೆಯ ದಿನ ಅದೇ ದೇವತೆ ಎರಡು ದಿನ ರಜೆ ಕೇಳಿದರೆ ಕಚೇರಿಯ ಬಾಗಿಲಲ್ಲಿ ಅರ್ಧ ದಿನ ನಿಲ್ಲಬೇಕು. ದೇವರ ಮುಂದೆ ನೈವೇದ್ಯ ಇಟ್ಟು, ಪರದೆ ಎಳೆದು, ಆಮೇಲೆ ಅದನ್ನು ಉಣ್ಣುವವರು ಯಾರೆಂದು ನಮಗೆಲ್ಲ ಗೊತ್ತು. ದಾದಿಯನ್ನು ದೇವತೆ ಮಾಡಿದ ಹಿಕಮತ್ತೂ ಅದೇ. ದೇವತೆಗೆ ಹೊಟ್ಟೆಯಿಲ್ಲ, ಮನೆಬಾಡಿಗೆಯಿಲ್ಲ, ಬೆನ್ನುನೋವಿಲ್ಲ!

2020ರ ಮಾರ್ಚ್ 22ರ ಸಂಜೆ 5 ಗಂಟೆಗೆ ದೇಶಕ್ಕೆ ದೇಶವೇ ತಟ್ಟೆ ಬಡಿಯಿತು. ಮೇ 3ರಂದು ವಾಯುಪಡೆಯ ಹೆಲಿಕಾಪ್ಟರುಗಳು ಆಸ್ಪತ್ರೆಗಳ ಮೇಲೆ ಹೂವು ಸುರಿದವು. (ಆ ಹೂವನ್ನು ಗುಡಿಸಿದವರ ಕೂಲಿ ಎಷ್ಟೆಂದು ಯಾರೂ ವಿಚಾರಿಸಲಿಲ್ಲ.) ಹೂವು ಸುರಿಯಲು ಖಜಾನೆಯಲ್ಲಿ ಹಣವಿರುತ್ತದೆ.

ಮಗ್ಗದ ಮುಂದೆ ಎಂಟು ತಾಸು ನಿಂತವರಿಗೆ ಕಾಲಿನ ನರ ಉಬ್ಬುವ ನೋವನ್ನು ನಾವು ವಿವರಿಸಬೇಕಾಗಿಲ್ಲ. ದಾದಿಯೂ ನಿಂತೇ ಪಾಳಿ ಮುಗಿಸುತ್ತಾಳೆ. ಏಳಲಾರದ ರೋಗಿಯನ್ನು ಎತ್ತಿ ಹೊರಳಿಸಿ ಸೊಂಟ ಕಳೆದುಕೊಳ್ಳುತ್ತಾಳೆ; ಸೂಜಿ ಚುಚ್ಚಿಕೊಂಡರೆ ಕಾಮಾಲೆಯ ಭಯ, ಕೆಮ್ಮುವವರ ನಡುವೆ ಕ್ಷಯದ ಭಯ. ರಾತ್ರಿ ಪಾಳಿ ಮುಗಿಸಿ ಹಗಲು ಮಲಗಿದವಳಿಗೆ ನಿದ್ದೆ ಎಲ್ಲಿಂದ ಬರಬೇಕು? ಪರರ ಆರೋಗ್ಯ ಕಾಯುವವಳ ಆರೋಗ್ಯ ಯಾರ ಲೆಕ್ಕದಲ್ಲೂ ಇಲ್ಲ.

ಇಲ್ಲಿ ಒಂದು ಹೆಸರನ್ನು ನೆನೆಯಬೇಕು. ನಮ್ಮ ಉತ್ತರ ಕನ್ನಡದ ಹಳದೀಪುರದ ಹುಡುಗಿ ಅರುಣಾ ಶಾನಭಾಗ ಮುಂಬಯಿಯ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದಳು. ಆ ಕಾಲದಲ್ಲಿ ಪರೇಲೆಂದರೆ ಬಟ್ಟೆ ಗಿರಣಿಗಳ ಪ್ರದೇಶ. 1973ರ ನವೆಂಬರ್ 27ರಂದು ಪಾಳಿ ಮುಗಿಸಿ ಬಟ್ಟೆ ಬದಲಿಸಲು ನೆಲಮಾಳಿಗೆಗೆ ಹೋದಾಗ ಅದೇ ಆಸ್ಪತ್ರೆಯ ನೌಕರನೊಬ್ಬ ನಾಯಿಯ ಸರಪಳಿಯಿಂದ ಆಕೆಯ ಕುತ್ತಿಗೆ ಬಿಗಿದು ಅತ್ಯಾಚಾರ ಮಾಡಿದ. ಮಿದುಳಿಗೆ ಪೆಟ್ಟಾಗಿ 25 ವರ್ಷದ ಆಕೆ ಮತ್ತೆ ಏಳಲಿಲ್ಲ. ಅಪರಾಧಿಗೆ ಸಿಕ್ಕಿದ್ದು ಏಳು ವರ್ಷದ ಶಿಕ್ಷೆ, ಅದೂ ದರೋಡೆಗೆ ಮತ್ತು ಕೊಲೆಯ ಯತ್ನಕ್ಕೆ. ಅತ್ಯಾಚಾರದ ಆರೋಪ ನ್ಯಾಯಾಲಯದ ಮುಂದೆ ಬರಲೇ ಇಲ್ಲ.

ಮುಂಬಯಿಯ ದಾದಿಯರು ಮುಷ್ಕರ ಹೂಡಿದರು. ಅರುಣಾಳ ಆರೈಕೆಗಾಗಿಯೂ ತಮ್ಮ ರಕ್ಷಣೆಗಾಗಿಯೂ ಒಟ್ಟಿಗೇ ಕೇಳಿದರು. 1980ರ ದಶಕದಲ್ಲಿ ಹಾಸಿಗೆ ತೆರವು ಮಾಡಿಸಲೆಂದು ಆಕೆಯನ್ನು ಬೇರೆಡೆ ಸಾಗಿಸಲು ನಗರಪಾಲಿಕೆ ಎರಡು ಸಲ ಹವಣಿಸಿತು. ದಾದಿಯರು ಎದ್ದು ನಿಂತರು. ಪಾಲಿಕೆ ಹಿಂದೆ ಸರಿಯಿತು. 2015ರ ಮೇ 18ರಂದು ಕಣ್ಣು ಮುಚ್ಚುವವರೆಗೆ, 41 ವರ್ಷಕ್ಕೂ ಮಿಕ್ಕಿ, ಪಾಳಿ ಹಂಚಿಕೊಂಡು ಆಕೆಗೆ ಉಣ್ಣಿಸಿದರು, ಮೈ ಒರೆಸಿದರು, ಬೆನ್ನು ಹುಣ್ಣಾಗದಂತೆ ಕಾದರು. ಆಕೆಯೊಡನೆ ಕೆಲಸ ಮಾಡಿದವರು ನಿವೃತ್ತರಾದರು. ಆ ಘಟನೆಯ ನಂತರ ಹುಟ್ಟಿದ ಹುಡುಗಿಯರು ಕೆಲಸಕ್ಕೆ ಸೇರಿ ಅದೇ ಹಾಸಿಗೆಯ ಬಳಿ ನಿಂತರು. ಪರಸ್ಪರ ಒಂದು ಮಾತೂ ಆಡದೆ ಬೆಳೆದ ಗೆಳೆತನ ಅದು. ಸೇವೆ, ತ್ಯಾಗ ಎನ್ನುವವರು ಎನ್ನಲಿ. ಗಿರಣಿಯ ಬಾಗಿಲಲ್ಲಿ ಇದಕ್ಕೆ ಒಗ್ಗಟ್ಟು ಎನ್ನುತ್ತಾರೆ.

ಅಂದು ಅವರು ಕೇಳಿದ ರಕ್ಷಣೆ ಏನಾಯಿತು? 2024ರ ಆಗಸ್ಟ್ 9ರಂದು ಕಲ್ಕತ್ತೆಯ ಆರ್.ಜಿ. ಕರ್ ಆಸ್ಪತ್ರೆಯಲ್ಲಿ, ರಾತ್ರಿ ಕೆಲಸದ ನಡುವೆ ಸಭಾಕೋಣೆಯಲ್ಲಿ ವಿಶ್ರಮಿಸಿದ್ದ ಯುವ ವೈದ್ಯೆಯ ಮೇಲೆ ಅತ್ಯಾಚಾರ ನಡೆಸಿ ಕೊಂದರು. ಸರ್ವೋಚ್ಚ ನ್ಯಾಯಾಲಯ ಅರುಣಾಳ ಪ್ರಕರಣವನ್ನು ನೆನೆದು ಕಾರ್ಯಪಡೆಯೊಂದನ್ನು ನೇಮಿಸಿತು. ಅರ್ಧ ಶತಮಾನ ಕಳೆದರೂ ಚಿಲಕವಿರುವ ಒಂದು ಕೋಣೆಗಾಗಿ ಸಮಿತಿ ಕೂರಬೇಕೇ?

ಸಮಿತಿಗಳ ಕಥೆಯೂ ನಮಗೆ ಹೊಸದಲ್ಲ. ಖಾಸಗಿ ಆಸ್ಪತ್ರೆಯ ದಾದಿಯರ ಸಂಬಳ ಪರಿಶೀಲಿಸಲು 2016ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೇ ಆಜ್ಞೆ ಮಾಡಿತು. ಇನ್ನೂರಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆ ಸರ್ಕಾರಿ ದಾದಿಯ ಸಮ ಸಂಬಳ ಕೊಡಲಿ, ಐವತ್ತಕ್ಕಿಂತ ಕಡಿಮೆ ಹಾಸಿಗೆಯದೂ 20,000 ರೂಪಾಯಿಗೆ ಇಳಿಯದಿರಲಿ ಎಂದು ಸಮಿತಿ ಹೇಳಿತು. ವರದಿ ರಾಜ್ಯಗಳಿಗೆ ಹೋಯಿತು. ಸಂಬಳ ತಾನಾಗಿ ಹಿಂಬಾಲಿಸಲಿಲ್ಲ. ಕೇರಳದಲ್ಲಿ ದಾದಿಯರು 2011ರಿಂದ ಸಂಘ ಕಟ್ಟಿ, ಮುಷ್ಕರ ಮಾಡಿ, 2018ರ ಏಪ್ರಿಲ್‌ನಲ್ಲಿ ಚೇರ್ತಲದಿಂದ ತಿರುವನಂತಪುರಕ್ಕೆ ನಡೆದೇ ಹೋಗುತ್ತೇವೆಂದು ಹೊರಟು ನಿಂತಾಗ 20,000 ರೂಪಾಯಿಯ ಕನಿಷ್ಠ ಮೂಲವೇತನದ ಅಧಿಸೂಚನೆ ಹೊರಬಿತ್ತು.

ಸಂಬಳ ಏರಿದರೆ ಆಸ್ಪತ್ರೆಯ ಬಿಲ್ಲೂ ಏರುವುದೆಂದು ನಮ್ಮ ಅಂಗಡಿಕಾರ ಮಿತ್ರರು ಅಂಜುತ್ತಾರೆ. ಮಾಲೀಕರು ಹರಡಿದ ಮಾತು ಅದು. ಲೆಕ್ಕ ಬಲ್ಲ ನೀವು ಬಿಲ್ಲನ್ನು ಒಮ್ಮೆ ಓದಿ ನೋಡಿ. ದಿನಕ್ಕಿಷ್ಟೆಂದು ‘ನರ್ಸಿಂಗ್ ಚಾರ್ಜು’ ಹಾಕಿರುತ್ತಾರೆ. ಆ ವಾರ್ಡಿನಲ್ಲಿ ಎಷ್ಟು ಹಾಸಿಗೆ, ಎಷ್ಟು ದಾದಿಯರು ಎಂದು ಎಣಿಸಿ, ಗುಣಿಸಿ. ಆಮೇಲೆ ರಾತ್ರಿ ಪಾಳಿಯ ಸಿಸ್ಟರನ್ನು, ‘ತಂಗಿ, ನಿನ್ನ ಕೈಗೆಷ್ಟು ಬರುತ್ತದಮ್ಮ?’ ಎಂದು ಮೆಲ್ಲಗೆ ಕೇಳಿ. ನಡುವಿನ ಹಣ ಯಾರ ಗಲ್ಲಾಪೆಟ್ಟಿಗೆಗೆ ಬಿತ್ತೆಂಬುದು ಅಲ್ಲೇ ತಿಳಿಯುತ್ತದೆ.

ಆಸ್ಪತ್ರೆಯೊಳಗೆ ನಾಲ್ವರು ದಾದಿಯರು ಕೂಡಿ ಮಾತಾಡಿದರೆ ಮೇಲಿನವರಿಗೆ ಸುದ್ದಿ ಮುಟ್ಟುತ್ತದೆ. ಅಸಲು ಪ್ರಮಾಣಪತ್ರಗಳು ಮಾಲೀಕರ ಬೀರುವಿನಲ್ಲಿದ್ದರೆ ಬಾಯಿ ತಾನಾಗಿ ಕಟ್ಟುತ್ತದೆ. ಆದ್ದರಿಂದ ಗಿರಣಿ ಕಾರ್ಮಿಕ ಬಂಧುಗಳಲ್ಲಿ ನಮ್ಮದೊಂದು ಕೋರಿಕೆ. ನಿಮ್ಮ ಯೂನಿಯನ್ ಕಚೇರಿಯ ಕೋಣೆಯನ್ನು ವಾರಕ್ಕೊಂದು ಸಂಜೆ ಅವರ ಸಭೆಗೆ ಬಿಟ್ಟುಕೊಡಿ. ಬೀಗದ ಕೈಯನ್ನು ಅವರ ಕೈಯಲ್ಲೇ ಕೊಡಿ.