ಕಡಲಾಮೆಯ ಮೊಟ್ಟೆ: ಒಂದು ತಪ್ಪೊಪ್ಪಿಗೆ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಚಿತ್ರವನ್ನು ಕಳುಹಿಸಿದ್ದ. ಕಡಲ ದಂಡೆಯ ತುಂಬ ಜನ. ಹೆಂಗಸರು ಮಕ್ಕಳೆನ್ನದೆ ಎಲ್ಲರೂ ಮರಳನ್ನು ಬಗೆದು ಆಮೆಯ ಮೊಟ್ಟೆಗಳನ್ನು ಚೀಲಗಳಿಗೆ ತುಂಬುತ್ತಿದ್ದಾರೆ. ಅಡಿಯಲ್ಲಿ ಒಕ್ಕಣೆ: ಕೋಸ್ಟಾ ರಿಕಾ ದೇಶದಲ್ಲಿ ಅಳಿವಿನಂಚಿನ ಕಡಲಾಮೆಗಳ ಮೊಟ್ಟೆ ಹಾಡಹಗಲೇ ಕಳುವಾಗುತ್ತಿದೆ, ಎಲ್ಲರಿಗೂ ತಿಳಿಸಿ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನನ್ನದೂ ಎರಡು ಕಟುವಾದ ಮಾತು ಸೇರಿಸಿ ಹತ್ತು ಹನ್ನೆರಡು ಮಂದಿಗೆ ರವಾನಿಸಿದೆ. ಅವರಲ್ಲಿ ಹಲವರು ಈಗ ಇದನ್ನು ಓದುತ್ತಿದ್ದೀರಿ.

ಚಿತ್ರ ನಿಜ, ಒಕ್ಕಣೆ ಸುಳ್ಳು. ಇಂಥ ಚಿತ್ರಗಳು ಇದೇ ಒಕ್ಕಣೆಯೊಂದಿಗೆ ಎಷ್ಟೋ ವರ್ಷಗಳಿಂದ ಇ-ಮೇಲ್‌ಗಳಲ್ಲಿ ಸುತ್ತುತ್ತಿದ್ದವಂತೆ. ಉತ್ತರ ಪತ್ರಿಕೆಯಲ್ಲಿ ಆಧಾರವಿಲ್ಲದ ವಾಕ್ಯ ಕಂಡರೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದ ಮೇಷ್ಟ್ರೇ ಈ ತಪ್ಪು ಮಾಡಿದ ಮೇಲೆ ತಿದ್ದುಪಡಿಯನ್ನೂ ಅವನೇ ಬರೆಯಬೇಕಲ್ಲವೆ? ಬರೆಯಲು ಕುಳಿತು ಓದುತ್ತ ಹೋದಂತೆ, ತಪ್ಪು ಒಕ್ಕಣೆಯಲ್ಲಿ ಮಾತ್ರವಲ್ಲ, ನನ್ನ ತಿಳಿವಳಿಕೆಯಲ್ಲೂ ಇತ್ತೆಂದು ಮನವರಿಕೆಯಾಯಿತು.

ಆ ದಂಡೆಯ ಹೆಸರು ಒಸ್ಟಿಯೋನಾಲ್. ಕೋಸ್ಟಾ ರಿಕಾದ ಪೆಸಿಫಿಕ್ ಕರಾವಳಿಯಲ್ಲಿದೆ. ನಮ್ಮ ಒಡಿಶಾದ ಗಹಿರ್‌ಮಾಥಾ ಮತ್ತು ಋಷಿಕುಲ್ಯಾ ತೀರಗಳಿಗೆ ಬರುವ ಆಲಿವ್ ರಿಡ್ಲೆ ಜಾತಿಯ ಆಮೆಗಳೇ ಅಲ್ಲಿಗೂ ಬರುತ್ತವೆ. ಒಂದೊಂದು ಸಲ ಸಾವಿರಗಟ್ಟಲೆ, ಇನ್ನೊಂದು ಸಲ ಲಕ್ಷಗಟ್ಟಲೆ ಹೆಣ್ಣಾಮೆಗಳು ಕೆಲವೇ ರಾತ್ರಿಗಳಲ್ಲಿ ದಂಡೆಗೆ ಏರುತ್ತವೆ. ಸ್ಪ್ಯಾನಿಷ್ ಭಾಷೆಯಲ್ಲಿ ಇದಕ್ಕೆ ಅರಿಬಾಡ ಎನ್ನುತ್ತಾರೆ. ಆಗಮನ ಎಂದು ಅರ್ಥ. ಒಂದೊಂದು ಆಮೆಯೂ ಸುಮಾರು ನೂರು ಮೊಟ್ಟೆಗಳನ್ನಿಟ್ಟು ಹೋಗುತ್ತದೆ.

ತೊಡಕಿರುವುದು ಇಲ್ಲಿಯೇ. ದಂಡೆ ಚಿಕ್ಕದು, ಆಮೆಗಳು ಅಪಾರ. ಮೊದಲ ರಾತ್ರಿ ಬಂದವು ಇಟ್ಟ ಮೊಟ್ಟೆಗಳನ್ನು ಮೂರನೆಯ ರಾತ್ರಿ ಬಂದವು ಅಗೆದು ಹೊರಚೆಲ್ಲುತ್ತವೆ. ಒಡೆದ ಮೊಟ್ಟೆ ಕೊಳೆಯುತ್ತದೆ. ಕೊಳೆತ ಮರಳಿನಲ್ಲಿ ಸೂಕ್ಷ್ಮಜೀವಿಗಳು ಹೆಚ್ಚಿ ಪಕ್ಕದ ಒಳ್ಳೆಯ ಗೂಡುಗಳೂ ಕೆಡುತ್ತವೆ. ಹೇಗೂ ಹಾಳಾಗಲಿರುವ ಮೊದಲ ಮೊಟ್ಟೆಗಳನ್ನು ಊರವರು ತೆಗೆದುಕೊಂಡರೆ ಆಮೆಯ ಸಂತತಿಗೆ ನಷ್ಟವಿಲ್ಲ, ಲಾಭವೂ ಆಗಬಹುದು ಎಂಬ ಊಹೆಯ ಮೇಲೆ ಅಲ್ಲಿನ ಸರಕಾರ 1987ರಲ್ಲಿ ಒಸ್ಟಿಯೋನಾಲ್ ಗ್ರಾಮದ ಸಂಘಕ್ಕೆ ಕಾನೂನುಬದ್ಧ ಅನುಮತಿ ನೀಡಿತು. ಅರಿಬಾಡ ಆರಂಭವಾದ ಮೊದಲ ಒಂದೂವರೆ ದಿನ ಮಾತ್ರ ಮೊಟ್ಟೆ ತೆಗೆಯಬಹುದು, ಆಮೇಲೆ ಇಲ್ಲ. ಗಂಡಸರು ಹಿಮ್ಮಡಿಯಿಂದ ಮರಳನ್ನು ಒತ್ತಿ ಮೆತ್ತಗಿರುವ ಜಾಗ ಗುರುತಿಸುತ್ತಾರೆ, ಹೆಂಗಸರು ತೆಗೆದು ತುಂಬುತ್ತಾರೆ. ಬಂದ ಹಣವನ್ನು ಹಂಚಿಕೊಂಡು, ಅದಕ್ಕೆ ಪ್ರತಿಯಾಗಿ ದಂಡೆಯ ಕಾವಲು ಕಾಯುತ್ತಾರೆ, ಕಸ ತೆಗೆಯುತ್ತಾರೆ, ಮರಿಗಳು ಕಡಲಿಗೆ ಹರಿದು ಹೋಗುವಾಗ ನಾಯಿ ಹದ್ದುಗಳನ್ನು ಓಡಿಸುತ್ತಾರೆ. ನಾನು ಕಳ್ಳರೆಂದು ಕರೆದದ್ದು ಈ ಜನರನ್ನು.

ಅದೇ ಕರಾವಳಿಯಲ್ಲಿ ನಾನ್ಸೀಟೆ ಎಂಬ ಇನ್ನೊಂದು ಅರಿಬಾಡ ದಂಡೆಯಿದೆ. ಅದು ರಾಷ್ಟ್ರೀಯ ಉದ್ಯಾನದೊಳಗೆ ಸೇರಿದ್ದು, ಅಲ್ಲಿ ಒಂದು ಮೊಟ್ಟೆಯನ್ನೂ ಮುಟ್ಟುವಂತಿಲ್ಲ. ಹಾಗಿದ್ದೂ ಅಲ್ಲಿಗೆ ಬರುವ ಆಮೆಗಳು 1980ರ ದಶಕದಿಂದ ತೀರ ಕಡಿಮೆಯಾದವು. ಮೊಟ್ಟೆಗಳು ಸರಿಯಾಗಿ ಒಡೆಯದಿದ್ದುದು ಒಂದು ಕಾರಣವೆಂದು ಹೇಳುತ್ತಾರೆ, ಅದೊಂದೇ ಕಾರಣವೆಂದು ಯಾರೂ ಪ್ರಮಾಣ ಮಾಡಲಾರರು. ಆದರೆ "ಮುಟ್ಟದಿದ್ದರೆ ಸಾಕು, ಉಳಿಯುತ್ತದೆ" ಎಂದು ತರಗತಿಯಲ್ಲಿ ನಾನು ಸಲೀಸಾಗಿ ಹೇಳುತ್ತಿದ್ದ ಮಾತು ಅಷ್ಟು ಸಲೀಸಲ್ಲ ಎಂಬುದಂತೂ ಸ್ಪಷ್ಟ.

ಹಾಗೆಂದು ಮೊಟ್ಟೆ ತೆಗೆಯುವುದೇ ಸರಿ ಎಂದು ಹೊರಡಬೇಡಿ. ಮಲೇಷಿಯಾದ ತೆರೆಂಗಾನು ಪ್ರಾಂತದ ರಂತಾವ್ ಅಬಾಂಗ್ ದಂಡೆಯ ಕಥೆ ಕೇಳಿ. 1950ರ ದಶಕದಲ್ಲಿ ಅಲ್ಲಿ ಲೆದರ್‌ಬ್ಯಾಕ್ ಎಂಬ ದೈತ್ಯ ಆಮೆಗಳು ವರ್ಷಕ್ಕೆ ಸುಮಾರು 10,000 ಗೂಡುಗಳನ್ನು ಮಾಡುತ್ತಿದ್ದವು. ದಂಡೆಯನ್ನು ಗುತ್ತಿಗೆಗೆ ಕೊಟ್ಟು ದಶಕಗಳ ಕಾಲ ಹೆಚ್ಚುಕಡಿಮೆ ಎಲ್ಲ ಮೊಟ್ಟೆಗಳನ್ನೂ ತೆಗೆದರು. ಆದರೂ ಮೊದಲ ಹಲವು ವರ್ಷ ಆಮೆಗಳು ಬರುತ್ತಲೇ ಇದ್ದವು. ಅಪಾಯವೇನೂ ಕಾಣಲಿಲ್ಲ. ಹೊಸ ಶತಮಾನ ಬರುವ ಹೊತ್ತಿಗೆ ಬೆರಳೆಣಿಕೆಯ ಗೂಡುಗಳೂ ಕಷ್ಟವಾದವು. ಮೀನು ಬಲೆಗಳ ಪಾಲೂ ಅದರಲ್ಲಿದೆ, ಆದರೆ ಮೊಟ್ಟೆಯ ಗುತ್ತಿಗೆಯ ಪಾಲು ಸಣ್ಣದಲ್ಲ.

ಇದು ಹೇಗೆಂದು ನನ್ನ ವಿದ್ಯಾರ್ಥಿಗಳಿಗೆ ಬೇಗ ಅರ್ಥವಾದೀತು. ಒಂದು ಶಾಲೆಯಲ್ಲಿ ಒಂದನೆಯ ತರಗತಿಗೆ ದಾಖಲಾತಿ ಪೂರ್ತಿ ನಿಂತುಹೋಯಿತೆನ್ನಿ. ಹತ್ತನೆಯ ತರಗತಿಯ ಕೊಠಡಿ ಮಾತ್ರ ಇನ್ನೂ ಒಂಬತ್ತು ವರ್ಷ ತುಂಬಿಯೇ ಇರುತ್ತದೆ. ಅದನ್ನಷ್ಟೇ ಎಣಿಸುವ ತನಿಖಾಧಿಕಾರಿ ಪ್ರತಿವರ್ಷವೂ "ಶಾಲೆ ಚೆನ್ನಾಗಿ ನಡೆಯುತ್ತಿದೆ" ಎಂದು ಬರೆದುಹೋಗುತ್ತಾನೆ. (ನಮ್ಮ ಕನ್ನಡ ಶಾಲೆಗಳ ವಿಷಯದಲ್ಲಿ ಇದು ಉಪಮೆಯಲ್ಲ, ಕಣ್ಣಾರೆ ಕಂಡದ್ದು; ಅದು ಬೇರೆ ದಿನದ ಮಾತು.) ಕಡಲಾಮೆ ಪ್ರಾಯಕ್ಕೆ ಬರಲು ಹತ್ತಾರು ವರ್ಷ ಬೇಕು. ಇಂದು ತೆಗೆದ ಮೊಟ್ಟೆಯ ಲೆಕ್ಕ ದಂಡೆಯ ಮೇಲೆ ಕಾಣುವುದು ತೆಗೆಯಲು ಅನುಮತಿ ಕೊಟ್ಟ ಅಧಿಕಾರಿ ನಿವೃತ್ತನಾದ ಮೇಲೆ.

ಕಾಪಾಡಲು ಹೊರಟವರೂ ಎಡವಿದ್ದಾರೆ. ಮರಳಿನ ಬಿಸಿಯೇ ಮರಿಯ ಲಿಂಗವನ್ನು ನಿರ್ಧರಿಸುತ್ತದೆ. ಬಿಸಿ ಹೆಚ್ಚಿದರೆ ಹೆಣ್ಣು, ತಂಪಾದರೆ ಗಂಡು. ಕಡಲಾಮೆಗಳ ವಿಷಯದಲ್ಲಿ ಇದು ಖಚಿತವಾದದ್ದು 1980ರ ಆಸುಪಾಸಿನಲ್ಲಿ. ಅಷ್ಟರೊಳಗೆ ಮೊಟ್ಟೆಗಳನ್ನು ದಂಡೆಯಿಂದ ಸಾಗಿಸಿ ಬೇರೆಡೆ ಮರಿ ಮಾಡಿಸುವ ಕೇಂದ್ರಗಳು ಎಷ್ಟೋ ನಡೆಯುತ್ತಿದ್ದವು. ಥರ್ಮೋಕೋಲ್ ಪೆಟ್ಟಿಗೆಯ ತಂಪಿನಲ್ಲಿಟ್ಟವರು ಬರಿ ಗಂಡುಗಳನ್ನು ಹೆಚ್ಚಿಸಿದರೆ, ರಂತಾವ್ ಅಬಾಂಗ್‌ನಲ್ಲಿ ಬಹುಪಾಲು ಹೆಣ್ಣುಗಳೇ ಹುಟ್ಟಿದವೆಂದು 1990ರ ದಶಕದ ಪರೀಕ್ಷೆಯಿಂದ ತಿಳಿಯಿತು. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವೇ. ಅಳತೆ ಮಾಡಲಿಲ್ಲ, ಅಷ್ಟೆ.

ಹಾಗಾದರೆ ಏನು ಮಾಡಬೇಕು? ಪರಿಸರ ವಿಜ್ಞಾನಿ ಸಿ. ಎಸ್. ಹೋಲಿಂಗ್ 1978ರಲ್ಲಿ, ಆಮೇಲೆ ಕಾರ್ಲ್ ವಾಲ್ಟರ್ಸ್ 1986ರಲ್ಲಿ ಪ್ರಕಟಿಸಿದ ಗ್ರಂಥಗಳಲ್ಲಿ ಒಂದು ದಾರಿಯನ್ನು ವಿವರಿಸಿದ್ದಾರೆ. ಕಲಿಯುತ್ತ ತಿದ್ದಿಕೊಳ್ಳುವ ನಿರ್ವಹಣೆ ಎಂದು ನಾನು ಅದನ್ನು ಕರೆಯುತ್ತೇನೆ. ಎಲ್ಲವೂ ತಿಳಿಯುವವರೆಗೆ ಕಾಯುವಂತಿಲ್ಲ, ತಿಳಿದಿದೆಯೆಂದು ನಟಿಸುವಂತೆಯೂ ಇಲ್ಲ. ನಾವು ಕೈಗೊಳ್ಳುವ ಕ್ರಮವನ್ನೇ ಪ್ರಯೋಗವೆಂದು ಭಾವಿಸಿ, ಯಾವ ಫಲ ಬಂದರೆ ಕ್ರಮವನ್ನು ಬದಲಿಸುತ್ತೇವೆಂದು ಮೊದಲೇ ಬರೆದಿಟ್ಟು, ಅಳೆಯುತ್ತ ಹೋಗಬೇಕು. ನಮ್ಮ ಪ್ರಯೋಗಶಾಲೆಯ ದಾಖಲೆ ಪುಸ್ತಕ ನೆನಪಿದೆಯೆ? ಫಲಿತಾಂಶವನ್ನು ಮೊದಲು ಬರೆದು ಆಮೇಲೆ ಪ್ರಯೋಗ ಮಾಡಿದವರು ಯಾರೆಂದು ನನಗೂ ನೆನಪಿದೆ.

ಈ ದೃಷ್ಟಿಯಿಂದ ನೋಡಿದರೆ ಒಸ್ಟಿಯೋನಾಲ್ ಪೂರ್ಣಾಂಕ ಪಡೆಯುವುದಿಲ್ಲ. ಅಲ್ಲಿನ ಮಿತಿ ಗಂಟೆಗಳದ್ದು, ಮೊಟ್ಟೆಗಳದ್ದಲ್ಲ. ಆಮೆಗಳು ಲಕ್ಷಗಟ್ಟಲೆ ಬಂದಾಗ ಒಂದೂವರೆ ದಿನದ ತೆಗೆತ ಅಲ್ಪ ಪಾಲು. ನಾಲ್ಕೈದು ಸಾವಿರ ಮಾತ್ರ ಬಂದಾಗ ಅದೇ ಒಂದೂವರೆ ದಿನ ದೊಡ್ಡ ಪಾಲನ್ನು ನುಂಗೀತು. ಬಂದ ಆಮೆಗಳ ಸಂಖ್ಯೆ ನೋಡಿ ಮಿತಿ ಹಾಕಬೇಕು, ಬರಗಾಲದಂಥ ಅರಿಬಾಡದಲ್ಲಿ ತೆಗೆಯುವುದನ್ನೇ ಬಿಡಬೇಕು. ದಂಡೆಯ ಒಂದು ತುಂಡನ್ನು ಏನೂ ತೆಗೆಯದೆ ಹೋಲಿಕೆಗೆಂದು ಖಾಯಂ ಬಿಡಬೇಕು. ಎಣಿಸಬೇಕಾದದ್ದು ಆಮೆಗಳನ್ನಲ್ಲ, ಒಡೆದು ಹೊರಬಂದ ಮರಿಗಳನ್ನು; ಏಕೆಂದರೆ ಆಮೆಗಳ ಎಣಿಕೆ ಹತ್ತನೆಯ ತರಗತಿಯ ಹಾಜರಿ, ಮರಿಗಳದ್ದು ಒಂದನೆಯ ತರಗತಿಯದು. ಇಷ್ಟು ಹೇಳುವಾಗ ಒಂದು ಅಳುಕೂ ಇದೆ. ತೆಗೆಯಬೇಡಿ ಎಂದ ವರ್ಷ ಆ ಹಳ್ಳಿಯ ಮನೆಗಳ ಒಲೆ ಹೇಗೆ ಉರಿದೀತು ಎಂಬುದನ್ನೂ ಯೋಜನೆ ಮಾಡಿದವರು ಬರೆದಿಡಬೇಕು. ಇಲ್ಲವಾದರೆ ದಂಡೆಯ ಕಾವಲುಗಾರರನ್ನೇ ಕಳೆದುಕೊಂಡಾರು.

ನಮ್ಮ ಕಡಲಿನ ವಿಷಯಕ್ಕೆ ಬರೋಣ. ಗಹಿರ್‌ಮಾಥಾದಲ್ಲೂ ಮೊಟ್ಟೆ ತೆಗೆಯಲು ಪರವಾನಗಿ ಇತ್ತು, 1975ರಲ್ಲಿ ನಿಂತಿತು. ನಿಂತದ್ದು ಒಳ್ಳೆಯದೇ ಆಯಿತು. ಆದರೆ ಅಮೆರಿಕದ ಲಾಗರ್‌ಹೆಡ್ ಆಮೆಗಳ ಲೆಕ್ಕ ಹಾಕಿ ಕ್ರೌಸ್, ಕ್ರೌಡರ್ ಮತ್ತು ಕ್ಯಾಸ್ವೆಲ್ ಎಂಬ ಮೂವರು ವಿಜ್ಞಾನಿಗಳು 1987ರಲ್ಲಿ ತೋರಿಸಿದ್ದು ಬೇರೆಯೇ ಸಂಗತಿ. ಎಲ್ಲ ಮೊಟ್ಟೆಗಳನ್ನು ಕಾಪಾಡಿದರೂ, ಬೆಳೆದ ಆಮೆಗಳು ಟ್ರಾಲರ್ ಬಲೆಯಲ್ಲಿ ಉಸಿರುಗಟ್ಟಿ ಸಾಯುತ್ತಿದ್ದರೆ ಸಂತತಿ ಚೇತರಿಸದು. ಒಡಿಶಾದ ದಂಡೆಗೆ ಸತ್ತು ಬಂದು ಬೀಳುವ ಸಾವಿರಾರು ಆಮೆಗಳ ಚಿತ್ರವನ್ನು ನನಗೆ ಯಾರೂ ಕಳುಹಿಸಲಿಲ್ಲ. ಮೊಟ್ಟೆಯ ಚೀಲದ ಚಿತ್ರಕ್ಕೆ ಸಿಟ್ಟು ಬರುವಷ್ಟು ಸುಲಭವಾಗಿ ಬಲೆಯ ಲೆಕ್ಕಕ್ಕೆ ಸಿಟ್ಟು ಬರುವುದಿಲ್ಲವೇನೊ.

ಹೊನ್ನಾವರದ ಕಾಸರಕೋಡು ಟೊಂಕ ಮೊದಲಾದ ನಮ್ಮ ದಂಡೆಗಳಿಗೂ ಇದೇ ರಿಡ್ಲೆ ಬರುತ್ತದೆ. ಆದರೆ ಅರಿಬಾಡವಾಗಿ ಅಲ್ಲ, ಒಂದೊಂದಾಗಿ. ಇಲ್ಲಿ ಒಂದು ಗೂಡನ್ನು ಇನ್ನೊಂದು ಆಮೆ ಅಗೆಯುವ ಪ್ರಶ್ನೆಯೇ ಇಲ್ಲ, ಹಾಳಾಗಲಿರುವ ಮೊಟ್ಟೆ ಎಂಬ ವಾದವೂ ನಿಲ್ಲುವುದಿಲ್ಲ. ಇಲ್ಲಿ ಮುಟ್ಟಬಾರದು, ಕಾನೂನೂ ಬಿಡುವುದಿಲ್ಲ.

ನನ್ನಿಂದ ಆ ಚಿತ್ರ ಪಡೆದು ಮುಂದೆ ಕಳುಹಿಸಿದವರು ದಯವಿಟ್ಟು ಈ ಬರಹವನ್ನೂ ಅದೇ ವಿಳಾಸಗಳಿಗೆ ಕಳುಹಿಸಿ. ಪುತ್ತೂರಿನ ಭಾವನವರಿಗೆ ನಿನ್ನೆ ಫೋನಿನಲ್ಲೇ ಇಷ್ಟನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಹಾಗಾದರೆ ಆಮೆಯ ಮೊಟ್ಟೆ ತೆಗೆಯಬಹುದು ಅಂತಾಯಿತಲ್ಲ ಮಾರಾಯ?" ಎಂದರು. ಅಲ್ಲಿ, ಲೆಕ್ಕ ಇಟ್ಟುಕೊಂಡು, ಸದ್ಯಕ್ಕೆ ಎಂದೆ. ಮೂರು ಷರತ್ತು ಹಾಕಿದ ಉತ್ತರ ಉತ್ತರವೇ ಅಲ್ಲ ಎಂದು ಅವರ ವಾದ. ಮುಂದಿನ ವಾರ ಊರಿಗೆ ಹೋದಾಗ ಮಾತು ಮುಂದುವರಿಯಲಿದೆ.