ಡಿಜೆ ಗುರುಗಳೂ ನಮ್ಮ ತೀರ್ಪೂ

ಭಾನುವಾರದ ಬಲಿಪೂಜೆ ಮುಗಿದು ಜನರು ಚರ್ಚಿನ ಅಂಗಳದಲ್ಲಿ ಕುಶಲ ವಿಚಾರಿಸುತ್ತ ನಿಂತಿದ್ದಾಗ, ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ತಮ್ಮ ಮೊಬೈಲನ್ನು ನಮ್ಮ ಕಣ್ಣಮುಂದೆ ಹಿಡಿದು, “ಸ್ವಾಮಿ, ಇದನ್ನೊಮ್ಮೆ ನೋಡಿ. ಕಾಲ ಎಲ್ಲಿಗೆ ಬಂದು ಮುಟ್ಟಿತು!” ಎಂದರು. ಪುರಾತನ ಪ್ರಧಾನಾಲಯವೊಂದರ ಮುಂದೆ ಬಣ್ಣಬಣ್ಣದ ಬೆಳಕು, ಕಿಕ್ಕಿರಿದ ಯುವಜನರು, ದೊಡ್ಡ ಪರದೆಯ ಮೇಲೆ ಪೋಪ್ 14ನೇ ಲಿಯೋ ಅವರ ಮುಖ, ಅದರ ಬೆನ್ನಿಗೇ ಎದೆ ನಡುಗಿಸುವ ಯಂತ್ರತಾಳ. ಆ ತಾಳವನ್ನು ನುಡಿಸುತ್ತಿದ್ದವರ ಕೊರಳಲ್ಲಿ ನಾವು ಧರಿಸುವಂತಹ ಗುರುಪಟ್ಟಿ, ಕಿವಿಯ ಮೇಲೆ ಹೆಡ್‌ಫೋನ್. ಹಿರಿಯರ ಪಕ್ಕದಲ್ಲಿ ಕಾಲೇಜಿಗೆ ಹೋಗುವ ಮೊಮ್ಮಗ ನಿಂತಿದ್ದ. “ತಾತ, ಅವರು ನಿಜವಾದ ಫಾದರ್. ಲಿಸ್ಬನ್ನಿನಲ್ಲಿ ಪೋಪರ ಪೂಜೆಗೆ ಮುಂಚೆಯೂ ನುಡಿಸಿದ್ದಾರೆ” ಎಂದ. ಬಳಿಕ ಇಬ್ಬರೂ ತೀರ್ಪಿಗಾಗಿ ನಮ್ಮ ಮುಖ ನೋಡಿದರು. ಅಂದು ನಾವು ತೀರ್ಪು ಕೊಡಲಿಲ್ಲ. ಅವರಿಬ್ಬರಿಗೂ, ಇಂತಹುದೇ ಚರ್ಚೆ ನಡೆದಿರಬಹುದಾದ ಇತರ ಕುಟುಂಬಗಳಿಗೂ ನಮ್ಮ ಆಲೋಚನೆಯನ್ನು ಈ ಅಂಕಣದಲ್ಲಿ ಅರಿಕೆ ಮಾಡಿಕೊಳ್ಳುತ್ತಿದ್ದೇವೆ.

ಮೊದಲು ವ್ಯಕ್ತಿಯ ಪರಿಚಯ. ಫಾದರ್ ಗಿಲ್ಯೆರ್ಮೆ ಪೆಯ್ಶೊಟೊ ಅವರು 1974ರಲ್ಲಿ ಜನಿಸಿ, 1999ರಲ್ಲಿ ಗುರುದೀಕ್ಷೆ ಪಡೆದ, ಪೋರ್ಚುಗಲ್ ದೇಶದ ಬ್ರಾಗಾ ಮಹಾಧರ್ಮಕ್ಷೇತ್ರದ ಗುರುಗಳು. ಸೇನೆಯ ಆಧ್ಯಾತ್ಮಿಕ ಗುರುಗಳಾಗಿ ಕೊಸೊವೊ ಮತ್ತು ಅಫಘಾನಿಸ್ತಾನಗಳಲ್ಲಿ ಸೈನಿಕರ ನಡುವೆ ಸೇವೆ ಸಲ್ಲಿಸಿದವರು. ಉತ್ತರ ಪೋರ್ಚುಗಲ್ಲಿನ ಲಾವುಂದೋಸ್ ಎಂಬ ಸಣ್ಣ ಊರಿನ ಧರ್ಮಕೇಂದ್ರಕ್ಕೆ ಅವರು ಬಂದಾಗ ಅದು ಸಾಲದಲ್ಲಿತ್ತು. ಸಾಲ ತೀರಿಸುವುದಕ್ಕಾಗಿ ಅವರು ಊರವರ ನೆರವಿನಿಂದ ಪಾನೀಯ, ಹಾಡು, ಕುಣಿತಗಳ ಒಂದು ಬಯಲು ಕೂಟವನ್ನು ಆರಂಭಿಸಿದರು. ಅಲ್ಲಿ ಧ್ವನಿಮುದ್ರಿಕೆಗಳನ್ನು ಹಾಕುತ್ತ ಹಾಕುತ್ತ ಅವರಿಗೆ ಆ ಕಲೆಯ ರುಚಿ ಹತ್ತಿತು. ಅದನ್ನು ಶಾಸ್ತ್ರೀಯವಾಗಿ ಕಲಿತರು. ಕೋವಿಡ್ ಪಿಡುಗಿನ ದಿನಗಳಲ್ಲಿ ಬಾಗಿಲು ಮುಚ್ಚಿದ ಮನೆಗಳಿಗೆ ಅವರ ಸಂಗೀತ ಅಂತರಜಾಲದ ಮೂಲಕ ತಲುಪಿತು.

ಅವರ ಹೆಸರು ಜಗತ್ತಿಗೆ ತಿಳಿದದ್ದು 2023ರ ಆಗಸ್ಟ್ 6ರ ಮುಂಜಾನೆ. ಲಿಸ್ಬನ್ನಿನ ವಿಶ್ವ ಯುವ ದಿನಾಚರಣೆಯ ಕೊನೆಯ ದಿನವದು. ತೇಜೊ ನದಿಯ ದಡದ ಬಯಲಿನಲ್ಲಿ ಹಿಂದಿನ ಸಂಜೆ ಪರಮಪ್ರಸಾದದ ಆರಾಧನೆ ನಡೆಸಿ, ಅಲ್ಲಿಯೇ ರಾತ್ರಿ ಕಳೆದ ಲಕ್ಷಾಂತರ ಯುವಜನರು ಪೋಪ್ ಫ್ರಾನ್ಸಿಸ್ ಅವರ ಬಲಿಪೂಜೆಗಾಗಿ ಕಾದಿದ್ದರು. ಆ ಸಮಾರೋಪಕ್ಕೆ ಸೇರಿದವರ ಸಂಖ್ಯೆ ಸುಮಾರು 15 ಲಕ್ಷವೆಂದು ವರದಿಯಾಯಿತು. ಸೂರ್ಯೋದಯದ ಹೊತ್ತಿಗೆ ಅವರನ್ನು ಎಚ್ಚರಿಸಿದ್ದು ಗಂಟೆಯ ನಾದವಲ್ಲ. ಈ ಗುರುಗಳ ಯಂತ್ರತಾಳ, ಅದರೊಡನೆ ಬೆಸೆದ ಪೋಪರ ಮುದ್ರಿತ ಧ್ವನಿ. 2025ರ ನವೆಂಬರಿನಲ್ಲಿ ಸ್ಲೊವಾಕಿಯಾದ ಕೋಶಿತ್ಸೆ ನಗರದಲ್ಲಿ ಮಹಾಧರ್ಮಾಧ್ಯಕ್ಷ ಬೆರ್ನಾರ್ಡ್ ಬೋಬೆರ್ ಅವರ 75ನೇ ಹುಟ್ಟುಹಬ್ಬದ ನಿಮಿತ್ತ ಸಂತ ಎಲಿಜಬೇತ್ ಪ್ರಧಾನಾಲಯದ ಮುಂದೆ ನಡೆದ ಕಾರ್ಯಕ್ರಮವೇ ನಮ್ಮ ಹಿರಿಯರು ಮೊಬೈಲಿನಲ್ಲಿ ಕಂಡದ್ದು. ಅಲ್ಲಿ ನೆರೆದ ಯುವಜನರಿಗೆ ಪೋಪ್ ಲಿಯೋ ದೃಶ್ಯಸಂದೇಶ ಕಳುಹಿಸಿದ್ದರು. ಕೆಲವೇ ಸೆಕೆಂಡುಗಳ ತುಣುಕನ್ನು ನೋಡಿದವರಿಗೆ ಪೋಪರೇ ಕುಣಿತಕ್ಕೆ ಚಾಲನೆ ಕೊಟ್ಟಂತೆ ತೋರಿತು. 2026ರ ಜನವರಿಯಲ್ಲಿ ಅವರು ಬೈರೂತಿನ ನೈಟ್‌ಕ್ಲಬ್ ಒಂದರಲ್ಲಿ ನುಡಿಸಲು ಹೋದಾಗ, ಅಲ್ಲಿನ ಕೆಲವು ಕ್ರೈಸ್ತರು ಅದನ್ನು ತಡೆಯಬೇಕೆಂದು ನ್ಯಾಯಾಲಯದ ಮೊರೆಹೊಕ್ಕರು; ಅವರ ಕೋರಿಕೆ ತಿರಸ್ಕೃತವಾಗಿ ಕಾರ್ಯಕ್ರಮ ನಡೆಯಿತು.

ಈ ಸಂಗೀತವಾದರೂ ಯಾವುದು? 1980ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್ ಪರಿಸರದಲ್ಲಿ ಹ್ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಕಪ್ಪು ವರ್ಣದ ಯುವಕರು ರೂಪಿಸಿದ್ದು ‘ಟೆಕ್ನೊ’. ಕಾರಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿ ನಗರವು ಬಡವಾಗುತ್ತಿದ್ದ ಕಾಲವದು. ಯಂತ್ರಗಳನ್ನು ನಂಬಿ ಬದುಕಿದ ಊರಿನ ಮಕ್ಕಳು ಯಂತ್ರದಿಂದಲೇ ತಾಳ ಹುಟ್ಟಿಸಿದರು. ನಿಮಿಷಕ್ಕೆ 120ರಿಂದ 150 ಪೆಟ್ಟು, ಎಂದರೆ ವಿಶ್ರಾಂತಿಯಲ್ಲಿರುವ ಹೃದಯದ ಬಡಿತಕ್ಕಿಂತ ಸುಮಾರು ಎರಡು ಪಟ್ಟು ವೇಗ. ಒಂದು ಮುದ್ರಿಕೆಯನ್ನು ಇನ್ನೊಂದಕ್ಕೆ ತಾಳ ತಪ್ಪದಂತೆ ಹೆಣೆದು, ಕೇಳುಗರ ನಿರೀಕ್ಷೆಯನ್ನು ಏರಿಸಿ ಇಳಿಸಿ ನಡೆಸುವುದು ಡಿಜೆಯ ಕೆಲಸ. ಇದರಲ್ಲಿ ಕಲೆಯಿಲ್ಲವೆನ್ನುವುದು ಅಜ್ಞಾನ. ಈ ಸಂಗೀತ ಬೆಳೆದ ರಾತ್ರಿಕೂಟಗಳಲ್ಲಿ ಮದ್ಯವೂ ಮಾದಕ ದ್ರವ್ಯವೂ ಅನೇಕರ ಬಾಳನ್ನು ಕೆಡಿಸಿದವೆಂಬುದನ್ನು ಮುಚ್ಚಿಡುವುದು ಅಪ್ರಾಮಾಣಿಕತೆ. ಎರಡನ್ನೂ ಒಟ್ಟಿಗೆ ಒಪ್ಪಿಕೊಂಡೇ ನಾವು ಮುಂದುವರಿಯಬೇಕು.

ಸಂಗೀತದ ಬಗೆಗಿನ ಭಯ ಹೊಸತಲ್ಲ. ಪ್ಲೇಟೊ ತನ್ನ ಆದರ್ಶ ರಾಜ್ಯದಲ್ಲಿ ಕೆಲವೇ ರಾಗಕ್ರಮಗಳಿಗೆ ಪ್ರವೇಶ ಕೊಟ್ಟು ಉಳಿದವನ್ನು ಹೊರಗಿಟ್ಟನು; ತಾಳವೂ ಸ್ವರವೂ ಬುದ್ಧಿಯ ಅಪ್ಪಣೆಗೆ ಕಾಯದೆ ಆತ್ಮದೊಳಗೆ ಇಳಿಯುತ್ತವೆಂಬುದೇ ಅವನ ಕಾರಣ. ಸಂತ ಅಗಸ್ಟೀನರು ತಮ್ಮ ‘ಕನ್ಫೆಷನ್ಸ್’ ಗ್ರಂಥದ ಹತ್ತನೆಯ ಭಾಗದಲ್ಲಿ, ಹಾಡಿನ ಮಾತಿಗಿಂತ ಹಾಡೇ ತಮ್ಮನ್ನು ಹೆಚ್ಚು ಸೆಳೆದಾಗ ತಾವು ತಪ್ಪಿತಸ್ಥರೆಂದು ಮರುಗುತ್ತಾರೆ. ಆದರೂ ದೇವಾಲಯದಲ್ಲಿ ಹಾಡುವ ಪದ್ಧತಿಯನ್ನು ಕೊನೆಗೆ ಒಪ್ಪುತ್ತಾರೆ. ಇಂದು ನಾವು ದೇವಾಲಯದ್ದೇ ವಾದ್ಯವೆಂದು ಭಾವಿಸುವ ಆರ್ಗನ್ನಿನ ಪೂರ್ವಜ, ನೀರಿನ ಒತ್ತಡದಿಂದ ನುಡಿಯುತ್ತಿದ್ದ ವಾದ್ಯ, ರೋಮನರ ಕಾದಾಟದ ಕಣಗಳಲ್ಲಿ ಮೊಳಗುತ್ತಿತ್ತು. ಅದು ಬಲಿಪೀಠದ ಬಳಿ ಬರಲು ಶತಮಾನಗಳೇ ಹಿಡಿದವು. 1903ರಲ್ಲಿ ಸಂತ 10ನೇ ಪಯಸ್ ಅವರು ಪಿಯಾನೊವನ್ನೂ ಅಬ್ಬರದ ತಾಳವಾದ್ಯಗಳನ್ನೂ ಚರ್ಚಿನೊಳಗೆ ನಿಷೇಧಿಸಿದರು. 1963ರಲ್ಲಿ ಎರಡನೆಯ ವಾಟಿಕನ್ ಮಹಾಸಭೆಯು ಆರ್ಗನ್ನಿಗೆ ವಿಶೇಷ ಗೌರವ ಕೊಟ್ಟು, ಪವಿತ್ರ ಬಳಕೆಗೆ ಒಗ್ಗುವ ಇತರ ವಾದ್ಯಗಳಿಗೂ ಅಧಿಕಾರಸ್ಥರ ಒಪ್ಪಿಗೆಯ ಮೇರೆಗೆ ಬಾಗಿಲು ತೆರೆಯಿತು. ಆ ಬಾಗಿಲಿನಿಂದಲೇ ನಮ್ಮ ತಬಲಾ ಮತ್ತು ಭಜನೆಗಳು ಬಲಿಪೂಜೆಗೆ ಬಂದದ್ದು. ಅವಕ್ಕೂ ಆಗ ಆಕ್ಷೇಪ ಎತ್ತಿದವರಿದ್ದರು. ಇಂದು ಅವರ ಮೊಮ್ಮಕ್ಕಳು ಅವಿಲ್ಲದೆ ಹಬ್ಬ ಮಾಡಲಾರರು.

ಹಾಗಾದರೆ ಕಾಲ ಕಳೆದಂತೆ ಎಲ್ಲವೂ ಸರಿಯಾಗುತ್ತದೆಯೇ? ಇಲ್ಲ. ಸಂತ ತೋಮಸ್ ಅಕ್ವಿನಾಸರು ಕಲಿಸಿದ ಅಳತೆಗೋಲು ಇಲ್ಲಿ ನೆರವಿಗೆ ಬರುತ್ತದೆ. ಯಾವುದೇ ಕೃತ್ಯದ ನೈತಿಕತೆಯನ್ನು ಅಳೆಯಲು ಮೂರನ್ನು ನೋಡಬೇಕು: ಮಾಡಿದ ಕೆಲಸ ಯಾವುದು, ಅದರ ಉದ್ದೇಶವೇನು, ಅದರ ಸಂದರ್ಭ ಯಾವುದು. ಮೂರೂ ಒಳ್ಳೆಯದಾಗಿದ್ದರೆ ಮಾತ್ರ ಕೃತ್ಯವು ಒಳ್ಳೆಯದು.

ಕೆಲಸವನ್ನು ನೋಡಿದರೆ, ತಾಳ ಹೊಡೆಯುವುದಾಗಲಿ ಕುಣಿಸುವುದಾಗಲಿ ಸ್ವತಃ ಪಾಪವಲ್ಲ. ದಾವೀದ ಅರಸನು ದೇವರ ಮಂಜೂಷದ ಮುಂದೆ ಕುಣಿದನು. ಅವನನ್ನು ತುಚ್ಛವಾಗಿ ಕಂಡ ಮೀಕಲಳನ್ನು ಪವಿತ್ರ ಗ್ರಂಥವು ಹೊಗಳಿಲ್ಲ. ಉದ್ದೇಶವನ್ನು ನೋಡಿದರೆ, ಧರ್ಮಕೇಂದ್ರದ ಸಾಲ ತೀರಿಸುವುದು ಮತ್ತು ಚರ್ಚಿನ ಬಾಗಿಲಿಗೆ ಬಾರದ ಯುವಕರ ಬಳಿಗೆ ಹೋಗುವುದು ಗೌರವಾರ್ಹವೇ. ತೊಡಕಿರುವುದು ಮೂರನೆಯದರಲ್ಲಿ. ಪರಮಪ್ರಸಾದದ ಮುಂದೆ ಜಾಗರಣೆ ಮಾಡಿದ ಯುವಜನರನ್ನು ಬಯಲಿನಲ್ಲಿ ಎಚ್ಚರಿಸಿ ಬಲಿಪೂಜೆಗೆ ಅಣಿಗೊಳಿಸುವುದು ಒಂದು ಸಂದರ್ಭ. ಹಣ ಕೊಟ್ಟು ಒಳಬಂದು ರಾತ್ರಿಯಿಡೀ ಕುಡಿಯುವ ಜಾಗದಲ್ಲಿ ನುಡಿಸುವುದು ಇನ್ನೊಂದು. ಯಂತ್ರ ಅದೇ, ಕೈ ಅದೇ, ಮುದ್ರಿಕೆಯೂ ಅದೇ ಇರಬಹುದು; ಕೃತ್ಯ ಮಾತ್ರ ಒಂದೇ ಅಲ್ಲ. ಲಿಸ್ಬನ್ನಿನ ಮುಂಜಾನೆಯನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಬೈರೂತಿನ ರಾತ್ರಿಯನ್ನು ಸಮರ್ಥಿಸಲು ನಮಗೆ ಸಾಧ್ಯವಾಗುತ್ತಿಲ್ಲ. ಕಳೆದುಹೋದ ಕುರಿಯನ್ನು ಹುಡುಕುವ ಕುರಿಗಾಹಿ ಮುಳ್ಳಿನ ಪೊದೆಗೂ ಹೋಗಬೇಕೆಂಬ ವಾದವನ್ನು ನಾವು ಬಲ್ಲೆವು. ಆದರೆ ಕುರಿಗಾಹಿಯು ಹೋಗುವುದು ಕುರಿಯನ್ನು ಹೊತ್ತು ತರುವುದಕ್ಕೆ. ಕುಣಿತ ಮುಗಿದ ಮೇಲೆ ಅಲ್ಲಿನ ಯುವಕನೊಬ್ಬ ಪಾಪನಿವೇದನೆಗೆ ಬಯಸಿದರೆ ಅವನ ಮಾತು ಕೇಳುವುದಕ್ಕೆ ಯಾರಿರುತ್ತಾರೆ? ಈ ಪ್ರಶ್ನೆಗೆ ಉತ್ತರವಿದ್ದಲ್ಲಿ ನಮ್ಮ ಆಕ್ಷೇಪ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಧರ್ಮಸಭೆಯ 1983ರ ಕಾನೂನು ಸಂಹಿತೆಯು ಈ ವಿಷಯದಲ್ಲಿ ಮೌನವಾಗಿಲ್ಲ. ಗುರುಗಳು ತಮ್ಮ ಅಂತಸ್ತಿಗೆ ಒಪ್ಪದ್ದನ್ನು ಬಿಡಬೇಕು, ಅಶೋಭನವಲ್ಲದಿದ್ದರೂ ಗುರುತನಕ್ಕೆ ಹೊರತಾದುದರಿಂದ ದೂರವಿರಬೇಕು ಎನ್ನುತ್ತದೆ 285ನೇ ವಿಧಿ. ಅಧಿಕಾರಸ್ಥರ ಅನುಮತಿಯಿಲ್ಲದೆ ವ್ಯಾಪಾರದಲ್ಲಿ ತೊಡಗಬಾರದು ಎನ್ನುತ್ತದೆ 286ನೇ ವಿಧಿ. ಇವುಗಳನ್ನು ಬರಿಯ ಬೇಲಿಗಳೆಂದು ತಿಳಿಯಬಾರದು. ಗುರುವೊಬ್ಬನು ಒಂಟಿಯಾಗಿ ತನ್ನ ಪ್ರತಿಭೆಯ ಹಿಂದೆ ಓಡದಂತೆ, ಅವನ ಬೆನ್ನಿಗೆ ಧರ್ಮಾಧ್ಯಕ್ಷರೂ ಸಮುದಾಯವೂ ನಿಂತಿರಲೆಂಬುದು ಈ ವಿಧಿಗಳ ಆಂತರ್ಯ.

ಹಾಗೆ ನಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಬೆಲ್ಜಿಯಂ ದೇಶದ ಒಂದು ದುಃಖದ ಕಥೆಯಿದೆ. ಅಲ್ಲಿನ ದೊಮಿನಿಕನ್ ಕನ್ಯಾಮಠವೊಂದರಲ್ಲಿದ್ದ ಜೀನಿನ್ ಡೆಕರ್ಸ್ ಎಂಬ ಭಗಿನಿ ಗಿಟಾರ್ ನುಡಿಸುತ್ತ ಹಾಡಿದ ‘ದೊಮಿನಿಕ್’ ಎಂಬ ಸರಳ ಗೀತೆ 1963ರ ಡಿಸೆಂಬರಿನಲ್ಲಿ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ‘ಹಾಡುವ ಕನ್ಯಾಸ್ತ್ರೀ’ಯೆಂದು ಲೋಕವೇ ಕೊಂಡಾಡಿತು. ಗಳಿಕೆ ಮಠಕ್ಕೂ ಮುದ್ರಣ ಕಂಪನಿಗೂ ಹೋಯಿತು. 1960ರ ದಶಕದಲ್ಲಿಯೇ ಆಕೆ ಮಠವನ್ನು ತೊರೆದರು. ಮುಂದೆ ಆ ಗಳಿಕೆಯ ಮೇಲಿನ ತೆರಿಗೆಯನ್ನು ಸರ್ಕಾರವು ಆಕೆಯಿಂದಲೇ ಕೇಳಿತು; ಕೊಡಲು ಆಕೆಯ ಕೈಯಲ್ಲಿ ಹಣವಿರಲಿಲ್ಲ. ಸಾಲದ ಸುಳಿಯಲ್ಲಿ ಸಿಲುಕಿ 1982ರಲ್ಲಿ ತಮ್ಮ ಅದೇ ಹಳೆಯ ಗೀತೆಯನ್ನು ಎಲೆಕ್ಟ್ರಾನಿಕ್ ನೃತ್ಯತಾಳಕ್ಕೆ ಹೊಂದಿಸಿ ಮತ್ತೆ ಹೊರತಂದರು. ಕೊಳ್ಳುವವರಿರಲಿಲ್ಲ. 1985ರಲ್ಲಿ ಆಕೆ ತಮ್ಮ ಗೆಳತಿಯೊಡನೆ ತಾವೇ ಪ್ರಾಣ ನೀಗಿಕೊಂಡರು. ಹತ್ತಿರದ ಕಾಲಕ್ಕೆ ಬಂದರೆ, 2014ರಲ್ಲಿ ಇಟಲಿಯ ದೂರದರ್ಶನ ಸ್ಪರ್ಧೆಯಲ್ಲಿ ಗೆದ್ದು ಮನೆಮಾತಾದ ಭಗಿನಿ ಕ್ರಿಸ್ತೀನಾ ಸ್ಕೂಚ್ಚ ಅವರು ತಾವು ಸನ್ಯಾಸ ಜೀವನವನ್ನು ಬಿಟ್ಟಿರುವುದಾಗಿ 2022ರಲ್ಲಿ ತಿಳಿಸಿದರು. ಅವರು ನೆಮ್ಮದಿಯಿಂದ ಬಾಳಲೆಂದು ಹಾರೈಸೋಣ. ಆದರೆ ಈ ಇಬ್ಬರ ಬಾಳನ್ನು ಓದಿದಾಗ, ಕರೆಯನ್ನೂ ಕೀರ್ತಿಯನ್ನೂ ಒಟ್ಟಿಗೆ ಹೊರುವುದು ಎಷ್ಟು ಭಾರವೆಂಬುದು ಅರಿವಾಗುತ್ತದೆ.

ಆದ್ದರಿಂದ ಫಾದರ್ ಗಿಲ್ಯೆರ್ಮೆ ಅವರ ವಿಷಯದಲ್ಲಿ ನಮ್ಮ ಕಳವಳ ತಾಳದ ಬಗೆಗಲ್ಲ, ಅವರ ಬಗೆಗೆ. ಜನರು ಅವರನ್ನು ನೋಡಲು ಬರುತ್ತಿರುವುದು ಅವರು ಎಲ್ಲರಿಗಿಂತ ಉತ್ತಮ ಡಿಜೆ ಎಂಬುದಕ್ಕೋ, ಡಿಜೆಗಳ ನಡುವೆ ಗುರುಪಟ್ಟಿ ಧರಿಸಿದವರೆಂಬುದಕ್ಕೋ? ಎರಡನೆಯದಾದರೆ ಅದು ಕುತೂಹಲ. ಕುತೂಹಲವು ಬೇಗ ತಣಿಯುತ್ತದೆ. ಅದು ತಣಿದ ದಿನ ಅವರಿಗೆ ಉಳಿಯಬೇಕಾದದ್ದು ಲಾವುಂದೋಸಿನಂತಹ ಒಂದು ಸಣ್ಣ ಊರು: ಜ್ಞಾನಸ್ನಾನಕ್ಕೆ ಕಾದ ಮಗು, ಹಾಸಿಗೆ ಹಿಡಿದ ಅಜ್ಜಿ, ಭಾನುವಾರದ ಬಲಿಪೀಠ. ಅವರ ಧರ್ಮಾಧ್ಯಕ್ಷರೂ ಜನರೂ ಆ ಮನೆಯನ್ನು ಅವರಿಗಾಗಿ ತೆರೆದಿಟ್ಟಿರಲಿ ಎಂಬುದೇ ನಮ್ಮ ಪ್ರಾರ್ಥನೆ.

ಇಷ್ಟು ಬರೆದ ಮೇಲೆ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳದಿದ್ದರೆ ನ್ಯಾಯವಾಗದು. ಬಹಳ ವರ್ಷಗಳ ಹಿಂದೆ, ನಾವಿದ್ದ ಧರ್ಮಕೇಂದ್ರವೊಂದರ ವಾರ್ಷಿಕ ಹಬ್ಬದ ಸಂಜೆ, ಗಾನವೃಂದದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಹುಡುಗನೊಬ್ಬ ಭಕ್ತಿಗೀತೆಯೊಂದಕ್ಕೆ ಯಂತ್ರತಾಳ ಹಾಕಿ ನುಡಿಸಿದ. ಅದು ಅಂಗಳದ ಮನರಂಜನೆಯೇ ಹೊರತು ಪೂಜೆಯಲ್ಲ. ಆದರೂ ಮುಂದಿನ ಭಾನುವಾರ ನಾವು ಪ್ರಬೋಧನೆಯಲ್ಲಿ, ಹೆಸರು ಹೇಳದಿದ್ದರೂ ಎಲ್ಲರಿಗೂ ತಿಳಿಯುವಂತೆ, ಅದನ್ನು ಹೀಗಳೆದೆವು. ಅವನು ಮತ್ತೆ ಗಾನವೃಂದಕ್ಕೆ ಬರಲಿಲ್ಲ. ಕೆಲವು ತಿಂಗಳ ಮೇಲೆ ಪೂಜೆಗೂ ಬರಲಿಲ್ಲ. ಕೆಲಸ, ಉದ್ದೇಶ, ಸಂದರ್ಭಗಳನ್ನು ಅಳೆಯುವ ಪಾಠವನ್ನು ಗುರುಮಠದಲ್ಲಿ ವರ್ಷಗಟ್ಟಲೆ ಓದಿದ ನಾವು, ಅದನ್ನು ಬಳಸಬೇಕಾದ ದಿನ ಮರೆತಿದ್ದೆವು. ಅವನನ್ನು ಕರೆದು, “ಇದನ್ನು ಏಕೆ ಹೀಗೆ ನುಡಿಸಿದೆ, ಮಗೂ?” ಎಂದು ಒಂದು ಮಾತು ಕೇಳಿದ್ದರೆ ಸಾಕಾಗಿತ್ತು.

ಪ್ರಿಯ ತಂದೆತಾಯಿಗಳೇ, ನಿಮ್ಮ ಮಕ್ಕಳ ಕಿವಿಯಲ್ಲಿ ಮೊಳಗುವುದನ್ನು ನೀವು ಇಷ್ಟಪಡಬೇಕಾಗಿಲ್ಲ. ಆದರೆ ಒಂದು ಸಂಜೆ ಜಪಮಾಲೆಯ ಬಳಿಕ, ಅವರು ಕೇಳುವುದನ್ನು ನೀವೂ ಐದು ನಿಮಿಷ ಅವರೊಡನೆ ಕುಳಿತು ಕೇಳಿರಿ. ಯುವಜನರೇ, ನಿಮ್ಮ ಅಜ್ಜ ಅಜ್ಜಿಯರ ಮುಖ ಸಿಂಡರಿಸಿದರೆ ಅದನ್ನು ಬರಿಯ ಹಳೆಯ ಕಾಲದ ಹಟವೆಂದು ತಳ್ಳಿಹಾಕಬೇಡಿರಿ. ಪವಿತ್ರವಾದುದು ಅಗ್ಗವಾದೀತೆಂಬ ಭಯ ಪ್ರೀತಿಯಿಂದಲೇ ಹುಟ್ಟುತ್ತದೆ. ಅಂಗಳದಲ್ಲಿ ಕುಣಿಯಿರಿ; ಬಲಿಪೀಠದ ಮುಂದೆ ಮೌನವಾಗಿರುವುದನ್ನೂ ಕಲಿಯಿರಿ. ಆ ಹಿರಿಯರನ್ನೂ ಅವರ ಮೊಮ್ಮಗನನ್ನೂ ಮುಂದಿನ ಭಾನುವಾರ ಒಂದೇ ಬೆಂಚಿನಲ್ಲಿ ಕಾಣುವ ಆಸೆ ನಮ್ಮದು.