ಗಾಡಿಯ ಕೋಣೆಯಲ್ಲಿ ಓದಿನ ಬೆಳಕು

ಸೀರೆಯ ಎಳೆ ಎಣಿಸುವ ನಾರಾಯಣಪೇಟೆ, ಗದ್ವಾಲಗಳ ನೇಕಾರರಿಗೆ ಬೆಳಕಿನ ಬೆಲೆ ಗೊತ್ತು. ಈ ಸೀಮೆಯ ಮಾಳಿಗೆ ಮನೆಗಳಲ್ಲಿ ಛಾವಣಿಯ ಬೆಳಕಿಂಡಿಯೇ ಹಗಲಿನ ದೀಪ. ಸಂಸಾರ ಬೆಳೆದಾಗ ಗಾಡಿ ನಿಲ್ಲಿಸುವ ಕೋಣೆಯೇ ವಾಸಕ್ಕೂ ಮಕ್ಕಳ ಓದಿಗೂ ಒದಗುವುದುಂಟು. ಆದರೆ ಅದರ ಶಟರು ಇಳಿಸಿದರೆ ಹಗಲಲ್ಲೂ ಕತ್ತಲೆ.

ಮೊದಲ ಉಪಾಯ ಸುಣ್ಣ: ಬಿಳಿಯ ಗೋಡೆಯು ಬಿದ್ದ ಬೆಳಕಿನ ಬಹುಪಾಲನ್ನು ಹಿಂದಿರುಗಿಸುತ್ತದೆ. ಶಟರಿನ ಎದುರು ಗೋಡೆಯ ಎತ್ತರದಲ್ಲೊಂದು ಕಿಂಡಿಯಿದ್ದರೆ ಬೆಳಕಿನೊಡನೆ ಗಾಳಿಯೂ ಆಡುತ್ತದೆ.

ರಾತ್ರಿಯಲ್ಲಿ ನಡುವಿನ ಒಂದೇ ದೀಪ ಸಾಲದು. ಬರೆಯುವವರ ನೆರಳು ಪುಸ್ತಕದ ಮೇಲೆಯೇ ಬೀಳುತ್ತದೆ. ಬಲಗೈಯಲ್ಲಿ ಬರೆಯುವ ಮಗುವಿಗೆ ಎಡದಿಂದ, ಎಡಗೈಯ ಮಗುವಿಗೆ ಬಲದಿಂದ ಬೆಳಕು ಬರಬೇಕು. 9 ವಾಟಿನ ಎಲ್‌ಇಡಿ ದೀಪವು ಹಳೆಯ 60 ವಾಟಿನ ಬಲ್ಬಿನಷ್ಟೇ ಬೆಳಗುತ್ತದೆ. ದಿನಕ್ಕೆ 4 ಗಂಟೆಯಂತೆ 30 ದಿನ ಉರಿದರೆ ಇದಕ್ಕೆ ಸುಮಾರು 1 ಯೂನಿಟ್, ಅದಕ್ಕೆ 7ಕ್ಕೂ ಹೆಚ್ಚು. ಓದಿಗೆ 4000 ಕೆಲ್ವಿನ್‌ನ ತಿಳಿಬಿಳುಪು, ಮಲಗುವ ಕಡೆ 2700ರ ಹಳದಿ ಹಿತ.

ಕೊನೆಯದಾಗಿ, ಪೆಟ್ರೋಲಿನ ಗಾಡಿ ಮತ್ತೆ ಆ ಕೋಣೆಯೊಳಗೆ ಬರಬಾರದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಮಕ್ಕಳು ಮಲಗುವ ನೆಲದಲ್ಲೇ ಹರಡುತ್ತದೆ. ಕಿಡಿಯೊಂದು ಸಾಕು. ಗಾಡಿ ಅಂಗಳದಲ್ಲಿ ನೆನೆದರೂ ಚಿಂತೆಯಿಲ್ಲ.